ಹತ್ತು ದಿನದಲ್ಲಿ ಸಿಗುವ ಪರಿಸರ ಸರ್ಟಿಫಿಕೇಟ್ ತಗೊಳ್ಳಬೇಕಾ?

ಪ್ರಶ್ನೆ: ಸರ್, ನಮಸ್ಕಾರ. ಮೈಸೂರಿನ ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದಲ್ಲಿ ನಮ್ಮದೊಂದು ಚಿಕ್ಕ ಕಾರ್ಟನ್ ಬಾಕ್ಸ್ ಯೂನಿಟ್ ಇದೆ. ಅಪ್ಪ ಶುರು ಮಾಡಿದ್ದು. ಈಗ ಅಮ್ಮನ ಹೆಸರಲ್ಲಿದೆ, ನಾನು ನೋಡಿಕೊಳ್ಳುತ್ತಿದ್ದೇನೆ. 22 ಜನ ಕೆಲಸಕ್ಕಿದ್ದಾರೆ. ತಿಂಗಳಿಗೆ ಸುಮಾರು 50 ಟನ್ ಬಾಕ್ಸ್ ಹೋಗುತ್ತದೆ, ಅರ್ಧಕ್ಕಿಂತ ಜಾಸ್ತಿ ನಂಜನಗೂಡು ಕಡೆಯ ಒಂದೇ ದೊಡ್ಡ ಕಂಪನಿಗೆ. ಹೋದ ವಾರ ಅವರ ಪರ್ಚೇಸ್ ವಿಭಾಗದಿಂದ 140 ಪ್ರಶ್ನೆಗಳ ಎಕ್ಸೆಲ್ ಶೀಟ್ ಬಂತು. ಸ್ಕೋಪ್ 1, ಸ್ಕೋಪ್ 2 ಅಂತ ಇಂಗಾಲದ ಲೆಕ್ಕ, ನೀರು, ವೇಸ್ಟು, ಕಾರ್ಮಿಕರು, ಎಲ್ಲಾ ಕೇಳಿದ್ದಾರೆ. ಐಎಸ್ಒ 14001 ಅನ್ನುವ ಪರಿಸರ ಸರ್ಟಿಫಿಕೇಟ್ ಇದೆಯಾ, ಕಾರ್ಬನ್ ನ್ಯೂಟ್ರಲ್ (ಬಿಡುವ ಇಂಗಾಲದ ಲೆಕ್ಕ ಒಟ್ಟಿನಲ್ಲಿ ಸೊನ್ನೆ) ಆಗಿದ್ದೀರಾ ಅಂತಲೂ ಇದೆ. ಒಂದು ತಿಂಗಳೊಳಗೆ ಕಳಿಸಬೇಕಂತೆ. ಒಬ್ಬರು ಕನ್ಸಲ್ಟೆಂಟ್ ಬಂದು, 65,000 ರೂಪಾಯಿ ಕೊಟ್ಟರೆ 10 ದಿನದಲ್ಲಿ ಎರಡೂ ಸರ್ಟಿಫಿಕೇಟ್ ಕೊಡಿಸಿ ಶೀಟನ್ನೂ ತುಂಬಿಕೊಡುತ್ತೇನೆ ಅಂದಿದ್ದಾರೆ. ಬಾಕ್ಸ್ ಮೇಲೆ ‘ಪರಿಸರಸ್ನೇಹಿ’ ಅಂತ ಪ್ರಿಂಟ್ ಹಾಕಬಹುದು ಅಂತಲೂ ಹೇಳಿದರು. ದುಡ್ಡು ಕೊಡಲಾ? ಕೊಡದಿದ್ದರೆ ಆರ್ಡರ್ ಹೋಗಿಬಿಡುತ್ತದಾ?

ಉತ್ತರ: ಆ 65,000 ಕೊಡಬೇಡಿ. ಶೀಟನ್ನು ಮಾತ್ರ ಖಂಡಿತ ಕಳಿಸಿ, ಅದನ್ನು ನೀವೇ ಕೂತು ತುಂಬಿ. ಇವೆರಡು ಬೇರೆ ಬೇರೆ ಕೆಲಸ. ಅವರು ಎರಡನ್ನೂ ಒಂದೇ ಗಂಟು ಕಟ್ಟಿ ಬೆಲೆ ಹೇಳಿದ್ದಾರೆ, ಅದಕ್ಕೇ ನಿಮಗೆ ಗೊಂದಲ. ವರದಿ ಅಂದರೆ ಒಂದು ವರ್ಷದಲ್ಲಿ ನಿಮ್ಮ ಶೆಡ್ಡಿನೊಳಗೆ ಏನು ಉರಿಯಿತು, ಎಷ್ಟು ನೀರು ಹೋಯಿತು, ಏನು ಆಚೆ ಹೋಯಿತು ಅನ್ನುವ ಲೆಕ್ಕ. ಸರ್ಟಿಫಿಕೇಟ್ ಅಂದರೆ ಹೊರಗಿನವರು ಬಂದು, ಎಲ್ಲರಿಗೂ ಗೊತ್ತಿರುವ ಒಂದು ನಿಯಮ ಹಿಡಿದು ಪರೀಕ್ಷೆ ಮಾಡಿ, ಸರಿಯಿದೆ ಅಂತ ಬರೆದುಕೊಡುವುದು. ಲೆಕ್ಕವೇ ಇಲ್ಲದ ಕಡೆ ಅವರು ಏನನ್ನು ಪರೀಕ್ಷೆ ಮಾಡುತ್ತಾರೆ? ಅದಕ್ಕೆ ಮೊದಲು ಲೆಕ್ಕ, ಆಮೇಲೆ ಬೇಕಾದರೆ ಸರ್ಟಿಫಿಕೇಟ್.

ಈ ಶೀಟು ನಿಮ್ಮ ಬಾಗಿಲಿಗೆ ಯಾಕೆ ಬಂತು ಅಂತ ಮೊದಲು ಹೇಳುತ್ತೇನೆ, ಯಾಕೆಂದರೆ ಅದು ಗೊತ್ತಾದರೆ ಅರ್ಧ ಭಯ ಹೋಗುತ್ತದೆ. ಷೇರು ಮಾರುಕಟ್ಟೆಯಲ್ಲಿರುವ ಕಂಪನಿಗಳಿಂದ, ಆ ಮಾರುಕಟ್ಟೆಯ ನಿಯಂತ್ರಕ ಸಂಸ್ಥೆ ಸೆಬಿ 2012ರಿಂದಲೇ ಇಂಥದ್ದೊಂದು ವರದಿ ಕೇಳುತ್ತಾ ಬಂದಿದೆ. ಆಗ ಮೊದಲ 100 ಕಂಪನಿಗಳಿಗೆ ಮಾತ್ರ ಇತ್ತು. 2021ರ ಮೇ ತಿಂಗಳಲ್ಲಿ ಅದರ ಜಾಗಕ್ಕೆ ಬಿಆರ್‌ಎಸ್‌ಆರ್ ಅನ್ನುವ ಹೊಸ ನಮೂನೆ (ಪರಿಸರ, ಕಾರ್ಮಿಕರು, ವ್ಯವಹಾರದ ಹೊಣೆಗಾರಿಕೆ ಬಗ್ಗೆ ಕಂಪನಿ ಕೊಡುವ ವರದಿ) ಬಂತು, 2022-23ರಿಂದ ಮಾರುಕಟ್ಟೆ ಮೌಲ್ಯದಲ್ಲಿ ಮೊದಲ 1,000 ಕಂಪನಿಗಳಿಗೆ ಕಡ್ಡಾಯವಾಯಿತು. 2023ರ ಜುಲೈನಲ್ಲಿ ಒಂಬತ್ತು ವಿಷಯಗಳನ್ನು ಬೇರೆ ತೆಗೆದು ಬಿಆರ್‌ಎಸ್‌ಆರ್ ಕೋರ್ ಅಂತ ಮಾಡಿದರು. ಈ ಒಂಬತ್ತರ ಅಂಕಿಗಳನ್ನು ಸುಮ್ನೆ ಬರೆದರೆ ಸಾಲದು, ಹೊರಗಿನವರಿಂದ ತಾಳೆ ನೋಡಿಸಬೇಕು. 2023-24ಕ್ಕೆ ಮೊದಲ 150 ಕಂಪನಿ, ಆಮೇಲೆ ವರ್ಷ ವರ್ಷಕ್ಕೆ 250, 500, 1,000 ಅಂತ ಅದು ಕೆಳಗಿಳಿಯುತ್ತದೆ. ಅದರ ಜೊತೆಗೇ, ನಿಮಗೆ ಮಾಲು ಕೊಡುವವರ ಲೆಕ್ಕವನ್ನೂ ಸೇರಿಸಿ ಅಂತ ದೊಡ್ಡ 250 ಕಂಪನಿಗಳಿಗೆ ಹೇಳಿದರು. ನಿಮ್ಮ ಶೀಟಿನ ಬೇರು ಬಹುಶಃ ಅಲ್ಲಿದೆ.

ಈ ಕೊನೆಯ ವಿಷಯದಲ್ಲಿ ಸೆಬಿ ಆಮೇಲೆ ಹಗ್ಗ ಸಡಿಲ ಬಿಟ್ಟಿದೆ. ಇದನ್ನು ನಿಮಗೆ ಯಾರೂ ಹೇಳಿರಲಿಕ್ಕಿಲ್ಲ. 2025ರ ಮಾರ್ಚ್‌ನ ಸುತ್ತೋಲೆ ಪ್ರಕಾರ ಸರಬರಾಜುದಾರರ ಲೆಕ್ಕ ಕೊಡುವುದು 2025-26ರಿಂದ ಆ ಕಂಪನಿಗಳಿಗೇ ಸ್ವಯಂಪ್ರೇರಿತ, ಕಡ್ಡಾಯ ಅಲ್ಲ. ಅದರಲ್ಲೂ ಕಂಪನಿಯ ಒಟ್ಟು ಖರೀದಿ ಅಥವಾ ಮಾರಾಟದಲ್ಲಿ ಶೇ 2 ಅಥವಾ ಅದಕ್ಕಿಂತ ಜಾಸ್ತಿ ಪಾಲು ಯಾರದ್ದೋ ಅವರನ್ನು ಮಾತ್ರ ಲೆಕ್ಕಕ್ಕೆ ಹಿಡಿಯಬೇಕು. ಆ ಕಂಪನಿ ನಿಮಗೆ ಅರ್ಧ ವ್ಯಾಪಾರ ಇರಬಹುದು. ಅವರ ಖರೀದಿಯಲ್ಲಿ ನಿಮ್ಮ ರಟ್ಟಿನ ಬಾಕ್ಸು ಶೇ 2 ಮುಟ್ಟುತ್ತದಾ? ಅವರ ಕಚ್ಚಾಮಾಲು, ಯಂತ್ರ, ಸಾಗಣೆ ಎಲ್ಲಾ ನೆನೆಸಿಕೊಂಡರೆ ನನಗಂತೂ ಅನುಮಾನ.

ಹಾಗಂತ ಶೀಟನ್ನು ಮೂಲೆಗೆ ಹಾಕಬೇಡಿ. ಕಾನೂನು ಕೇಳದಿದ್ದರೂ ಅವರ ವಿದೇಶಿ ಗಿರಾಕಿ ಕೇಳಿರಬಹುದು. ಇಕೋವಾಡಿಸ್ ಅಂತ ಪ್ಯಾರಿಸ್‌ನಲ್ಲಿ 2007ರಲ್ಲಿ ಶುರುವಾದ ಒಂದು ಸಂಸ್ಥೆ ಇದೆ, ಪರಿಸರ, ಕಾರ್ಮಿಕರು, ವ್ಯವಹಾರದ ನೀತಿ, ಖರೀದಿ ಈ ನಾಲ್ಕರ ಮೇಲೆ ಕಂಪನಿಗಳಿಗೆ ಅಂಕ ಹಾಕುತ್ತದೆ. ಸರಬರಾಜುದಾರರಿಂದ ಮಾಹಿತಿ ತರಿಸಿದರೆ ಅಲ್ಲಿ ಅವರಿಗೆ ಅಂಕ ಜಾಸ್ತಿ. ಕಂಪನಿಗಳಿಂದ ಪರಿಸರದ ಲೆಕ್ಕ ತರಿಸಿ ಅಂಕ ಹಾಕುವ ಸಿಡಿಪಿ ಅಂತ ಇನ್ನೊಂದು ಸಂಸ್ಥೆ ಇದೆ, ಅಲ್ಲೂ ಇದೇ ಕಥೆ. ಆದ್ದರಿಂದ ಪರ್ಚೇಸ್‌ನವರಿಗೆ ಒಂದೇ ಒಂದು ಪ್ರಶ್ನೆ ಕಳಿಸಿ: ಇದು ಬಿಆರ್‌ಎಸ್‌ಆರ್‌ಗಾ, ಇಕೋವಾಡಿಸ್‌ಗಾ, ಅಥವಾ ನಿಮ್ಮದೇ ಕಂಪನಿ ನಿಯಮವಾ? 140ರಲ್ಲಿ ಯಾವ ಪ್ರಶ್ನೆಗಳು ಈ ವರ್ಷ ಬೇಕೇ ಬೇಕು? ಎಷ್ಟೋ ಸಲ ಹೆಡ್ ಆಫೀಸಿನಿಂದ ಬಂದ ಶೀಟನ್ನು ಪರ್ಚೇಸ್‌ನವರು ಓದದೆ ಎಲ್ಲಾ ಸಪ್ಲೈಯರ್‌ಗಳಿಗೂ ಹಾಗೇ ಕಳಿಸಿರುತ್ತಾರೆ. ಸ್ಟೀಲ್ ಕಾರ್ಖಾನೆಗೂ ಅದೇ, ಬಾಕ್ಸ್ ಮಾಡುವ ನಿಮಗೂ ಅದೇ. ಕೇಳಿದರೆ 140 ಪ್ರಶ್ನೆ 30ಕ್ಕೆ ಇಳಿದದ್ದನ್ನು ನಾನು ಕೂರ್ಗಳ್ಳಿಯ ಒಂದು ಯೂನಿಟ್ಟಿನಲ್ಲಿ ಕಣ್ಣಾರೆ ನೋಡಿದ್ದೇನೆ.

ಈಗ ಲೆಕ್ಕಕ್ಕೆ ಬರೋಣ. ನೀವು ಆಮೇಲೆ ಕಳಿಸಿದ ಬಿಲ್ಲುಗಳನ್ನು ನೋಡಿದೆ. ನಿಜ ಹೇಳಬೇಕೆಂದರೆ ನಿಮ್ಮ ಕೆಲಸ ಮುಕ್ಕಾಲು ಮುಗಿದಿದೆ, ನಿಮಗದು ಗೊತ್ತಿಲ್ಲ ಅಷ್ಟೇ.

ಸ್ಕೋಪ್ 1 ಅಂದರೆ ನಿಮ್ಮ ಜಾಗದಲ್ಲಿ, ನಿಮ್ಮ ಗಾಡಿಯಲ್ಲಿ ನೀವೇ ಉರಿಸಿದ್ದು. ಸ್ಕೋಪ್ 2 ಅಂದರೆ ಬೇರೆಯವರು ಎಲ್ಲೋ ಉರಿಸಿ ನಿಮಗೆ ಕರೆಂಟಾಗಿ ಮಾರಿದ್ದು. ಸ್ಕೋಪ್ 3 ಅಂದರೆ ನೀವು ಕೊಂಡ ಮಾಲು, ಕೊಟ್ಟ ಮಾಲು, ಬೇರೆಯವರ ಲಾರಿ, ಹೀಗೆ ನಿಮ್ಮ ವ್ಯಾಪಾರದ ಹಿಂದೆ ಮುಂದೆ ಇರುವ ಉಳಿದದ್ದೆಲ್ಲ, ಅದರಲ್ಲಿ 15 ವಿಭಾಗ ಇದೆ. ಮಂಡ್ಯ ಕಡೆಯ ಆಲೆಮನೆ ನೆನೆಸಿಕೊಳ್ಳಿ. ಒಲೆಗೆ ಹಾಕುವ ಕಬ್ಬಿನ ರಚ್ಚು ಆಲೆಮನೆಯವನ ಸ್ಕೋಪ್ 1 (ಗಿಡದಿಂದ ಬಂದ ಇಂಧನವನ್ನು ಬರೆಯುವ ರೀತಿ ಸ್ವಲ್ಪ ಬೇರೆ, ಅದನ್ನು ಬಾಯ್ಲರ್ ವಿಷಯದಲ್ಲಿ ಹೇಳುತ್ತೇನೆ). ಗಾಣ ತಿರುಗಿಸುವ ಮೋಟರಿನ ಕರೆಂಟು ಸ್ಕೋಪ್ 2. ಕಬ್ಬು ಬೆಳೆಯಲು ರೈತ ಹಾಕಿದ ಯೂರಿಯಾ, ಕಬ್ಬು ತಂದ ಬೇರೆಯವರ ಟ್ರ್ಯಾಕ್ಟರು, ಇವೆಲ್ಲ ಸ್ಕೋಪ್ 3. ಅದೇ ಬೆಲ್ಲವನ್ನು ಒಂದು ದೊಡ್ಡ ಕಂಪನಿ ಕೊಂಡರೆ ಆಲೆಮನೆಯ ಒಲೆ, ಮೋಟರು ಎರಡೂ ಆ ಕಂಪನಿಯ ಸ್ಕೋಪ್ 3ಕ್ಕೆ ಹೋಗುತ್ತವೆ. ನಿಮ್ಮ ಗಿರಾಕಿ ನಿಮ್ಮ ಬೆನ್ನು ಹತ್ತಿರುವುದು ಇದಕ್ಕೇ. ನಿಮ್ಮ ಹೊಗೆ ಅವರ ಪುಸ್ತಕದಲ್ಲೂ ಬರಬೇಕು.

ಕರೆಂಟಿನಿಂದ ಶುರು ಮಾಡಿ. ಸೆಸ್ಕ್ ಬಿಲ್ಲಿನಲ್ಲಿ ನಿಮ್ಮದು ತಿಂಗಳಿಗೆ ಸರಾಸರಿ 6,000 ಯೂನಿಟ್, ಅಂದರೆ ವರ್ಷಕ್ಕೆ 72,000. ನಮ್ಮ ದೇಶದ ಗ್ರಿಡ್ಡಿನಲ್ಲಿ ಒಂದು ಯೂನಿಟ್‌ಗೆ ಎಷ್ಟು ಇಂಗಾಲದ ಡೈಆಕ್ಸೈಡ್ ಅಂತ ಕೇಂದ್ರ ವಿದ್ಯುತ್ ಪ್ರಾಧಿಕಾರ ಪ್ರತಿ ವರ್ಷ ಪ್ರಕಟ ಮಾಡುತ್ತದೆ, ಈಚಿನ ವರ್ಷಗಳಲ್ಲಿ ಅದು 0.7 ಕೆಜಿ ಆಸುಪಾಸಿನಲ್ಲಿದೆ. 0.7 ಅಂತಲೇ ಹಿಡಿದರೆ 72,000 ಯೂನಿಟ್‌ಗೆ 50,400 ಕೆಜಿ, ಅಂದರೆ 50.4 ಟನ್. ಶೀಟಿನಲ್ಲಿ ಬರೆಯುವಾಗ ಆ ವರ್ಷದ ಪಟ್ಟಿ ನೋಡಿ ಅದರ ಅಂಕಿಯನ್ನೇ ಹಾಕಿ, ಯಾವ ಪಟ್ಟಿಯಿಂದ ತಗೊಂಡಿರಿ ಅಂತ ಪಕ್ಕದಲ್ಲಿ ಬರೆಯಿರಿ. ಬಿಲ್ಲಿನಲ್ಲಿರುವ ಯೂನಿಟ್ ತಗೊಳ್ಳಿ, ರೂಪಾಯಿಯನ್ನು ಅಲ್ಲ. ಮೊತ್ತದ ಜೊತೆ ಫಿಕ್ಸೆಡ್ ಚಾರ್ಜು, ತೆರಿಗೆ ಎಲ್ಲಾ ಸೇರಿರುತ್ತದೆ, ಅದರಿಂದ ಹಿಂದಕ್ಕೆ ಲೆಕ್ಕ ಹಾಕಿದರೆ ತಪ್ಪುತ್ತದೆ.

ಡೀಸೆಲ್ ಒಂದು ಲೀಟರ್ ಉರಿದರೆ ಸುಮಾರು 2.68 ಕೆಜಿ ಇಂಗಾಲದ ಡೈಆಕ್ಸೈಡ್. ಜನರೇಟರಿಗೆ ತಿಂಗಳಿಗೆ 100 ಲೀಟರ್ ಅಂದಿದ್ದೀರಿ, ವರ್ಷಕ್ಕೆ 1,200 ಲೀಟರ್, 3.2 ಟನ್ ಆಯಿತು. ನಿಮ್ಮದೇ ಟೆಂಪೋಗೆ ತಿಂಗಳಿಗೆ 250 ಲೀಟರ್, ವರ್ಷಕ್ಕೆ 3,000, ಅದು 8 ಟನ್. ಅಡುಗೆಗೆ ತಿಂಗಳಿಗೊಂದು 19 ಕೆಜಿ ಸಿಲಿಂಡರ್, ವರ್ಷಕ್ಕೆ 228 ಕೆಜಿ, ಒಂದು ಕೆಜಿ ಗ್ಯಾಸಿಗೆ ಹೆಚ್ಚೂ ಕಡಿಮೆ 3 ಕೆಜಿ ಅಂತ ಹಿಡಿದರೆ 0.7 ಟನ್. ಬಾಡಿಗೆ ಲಾರಿಯಲ್ಲಿ ಹೋದ ಮಾಲನ್ನು ಇಲ್ಲಿ ಸೇರಿಸಬೇಡಿ, ಅದು ಸ್ಕೋಪ್ 3. ಟೆಂಪೋ ನಿಮ್ಮದೇ ಆಗಿರುವುದರಿಂದ ಅದು ನಿಮ್ಮ ಸ್ಕೋಪ್ 1, ಇದನ್ನು ತುಂಬಾ ಜನ ಮರೆಯುತ್ತಾರೆ.

ಬಾಯ್ಲರ್ ವಿಷಯ ಸ್ವಲ್ಪ ಬೇರೆ. ನೀವು ಉರಿಸುವುದು ಕಡಲೆಕಾಯಿ ಸಿಪ್ಪೆ, ಮರದ ಪುಡಿಯ ಬ್ರಿಕೆಟ್. ಕನ್ಸಲ್ಟೆಂಟ್ ಅದನ್ನು ಸೊನ್ನೆ ಅಂತ ಬರೆಯಿರಿ ಅಂದಿರಬೇಕು. ಅದು ಅರ್ಧ ಮಾತ್ರ ನಿಜ. ಗಿಡ ಬೆಳೆಯುವಾಗ ಗಾಳಿಯಿಂದ ಎಳೆದುಕೊಂಡಿದ್ದ ಇಂಗಾಲವೇ ವಾಪಸ್ ಹೋಗುತ್ತದೆ ಅನ್ನುವ ಲೆಕ್ಕದಲ್ಲಿ ಆ ಇಂಗಾಲದ ಡೈಆಕ್ಸೈಡನ್ನು ಮೂರು ಸ್ಕೋಪಿಗೂ ಸೇರಿಸುವುದಿಲ್ಲ. ಆದರೆ ಬರೆಯದೇ ಬಿಡುವಂತಿಲ್ಲ, ಬೇರೆ ಸಾಲಿನಲ್ಲಿ ತೋರಿಸಬೇಕು. ಉರಿಯುವಾಗ ಬರುವ ಒಂದಿಷ್ಟು ಮೀಥೇನ್, ನೈಟ್ರಸ್ ಆಕ್ಸೈಡ್ ಮಾತ್ರ ಸ್ಕೋಪ್ 1ಕ್ಕೇ ಸೇರುತ್ತದೆ, ಅದು ಸಣ್ಣ ಅಂಕಿ. ನಿಮ್ಮ ಹತ್ತಿರ ಬ್ರಿಕೆಟ್ ಬಿಲ್ಲು ಇದೆ, ತೂಕ ಇದೆ. ವರ್ಷಕ್ಕೆ ಎಷ್ಟು ಟನ್ ಅಂತ ಬರೆದುಬಿಡಿ. ತೂಕ ಕೊಟ್ಟರೆ ಉಳಿದ ಲೆಕ್ಕವನ್ನು ಅವರ ಕಡೆಯವರೂ ಮಾಡಬಲ್ಲರು.

ಬ್ರಿಕೆಟ್ ಬಿಟ್ಟು ಒಟ್ಟು 62 ಟನ್ ಚಿಲ್ಲರೆ ಬಂತು ಅಲ್ವಾ. ವರ್ಷಕ್ಕೆ 600 ಟನ್ ಬಾಕ್ಸ್ ಮಾಡುತ್ತೀರಿ. ಒಂದು ಟನ್ ಬಾಕ್ಸಿಗೆ ಸುಮಾರು 104 ಕೆಜಿ. ಈ ಕೊನೆಯ ಅಂಕಿಯನ್ನು ಗೋಡೆ ಮೇಲೆ ಬರೆದಿಡಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಬರೀ ಒಟ್ಟು ಟನ್ನು ನೋಡಿದರೆ ಆರ್ಡರ್ ಜಾಸ್ತಿ ಬಂದ ವರ್ಷ ನೀವು ಕೆಟ್ಟವರಂತೆ, ಆರ್ಡರ್ ಬಿದ್ದುಹೋದ ವರ್ಷ ಒಳ್ಳೆಯವರಂತೆ ಕಾಣುತ್ತೀರಿ. ಟನ್ ಬಾಕ್ಸಿಗೆ ಎಷ್ಟು ಅಂತ ನೋಡಿದರೆ ಕೆಲಸ ಸುಧಾರಿಸಿತಾ ಇಲ್ಲವಾ ಅನ್ನುವುದು ಗೊತ್ತಾಗುತ್ತದೆ. ಎರಡನ್ನೂ ಕೊಡಿ.

ಇಷ್ಟು ಲೆಕ್ಕ ಹಾಕಿದ ಮೇಲೆ ನಿಮಗೇ ಕಾಣುತ್ತದೆ, ಐದರಲ್ಲಿ ನಾಲ್ಕು ಪಾಲು ಕರೆಂಟಿನದ್ದೇ. ಹಾಗಾಗಿ ‘ಮುಂದಿನ ಗುರಿ ಏನು’ ಅನ್ನುವ ಪ್ರಶ್ನೆಗೆ ಗಿಡ ನೆಡುತ್ತೇವೆ ಅಂತ ಬರೆಯುವ ಬದಲು ಕರೆಂಟಿನ ಮಾತು ಬರೆಯಿರಿ. ಮಧ್ಯಾಹ್ನ ಊಟದ ಹೊತ್ತಿಗೆ ಎಲ್ಲಾ ಮಷೀನು ನಿಂತಾಗ ಕಂಪ್ರೆಸರ್ ಪೈಪಿನ ಹತ್ತಿರ ನಿಂತು ಕಿವಿ ಕೊಡಿ, ಎಲ್ಲೆಲ್ಲಿ ಗಾಳಿ ಸೋರುತ್ತಿದೆ ಅಂತ ಕೇಳಿಸುತ್ತದೆ. ಸ್ಟೀಮ್ ಪೈಪಿಗೆ ಎಲ್ಲಿ ಹೊದಿಕೆ ಕಿತ್ತುಹೋಗಿದೆ ನೋಡಿ. ಚಾವಣಿ ಗಟ್ಟಿ ಇದ್ದರೆ ಸೋಲಾರ್. ನಮ್ಮ ಕಡೆ ಒಂದು ಕಿಲೋವ್ಯಾಟ್‌ಗೆ ದಿನಕ್ಕೆ ಸರಾಸರಿ 4 ಯೂನಿಟ್ ಅಂತ ಲೆಕ್ಕ ಹಿಡಿಯುತ್ತಾರೆ. 25 ಕಿಲೋವ್ಯಾಟ್ ಹಾಕಿದರೆ ದಿನಕ್ಕೆ 100 ಯೂನಿಟ್, ವರ್ಷಕ್ಕೆ 36,000 ಯೂನಿಟ್ ಸುಮಾರು. ನಿಮ್ಮ ಕರೆಂಟಿನ ಅರ್ಧ. ಆ 65,000 ರೂಪಾಯಿ ಅದಕ್ಕೆ ಸಾಲುವುದಿಲ್ಲ, ನಿಜ. ಆದರೆ ಗಾಳಿ ಸೋರಿಕೆ ನಿಲ್ಲಿಸಲು, ಪೈಪಿಗೆ ಹೊದಿಕೆ ಹಾಕಲು, ನೀರಿಗೆ ಮೀಟರ್ ಕೂರಿಸಲು ಧಾರಾಳವಾಗಿ ಸಾಕು.

ಸ್ಕೋಪ್ 3ರಲ್ಲಿ ನಿಮ್ಮದು ದೊಡ್ಡ ಪಾಲು ಕ್ರಾಫ್ಟ್ ಪೇಪರ್ ರೀಲು. ಅದನ್ನು ನೀವು ಊಹೆ ಮಾಡಿ ಬರೆಯಲೇಬೇಡಿ. ಯಾವ ಮಿಲ್ಲಿನಿಂದ ಎಷ್ಟು ಟನ್ ಬಂತು, ಅದು ವೇಸ್ಟ್ ಪೇಪರಿನಿಂದ ಮಾಡಿದ್ದಾ ಅಂತ ಬರೆಯಿರಿ, ಮಿಲ್ಲಿನವರ ಲೆಕ್ಕ ಕೇಳಿದ್ದೇವೆ ಅಂತ ಹೇಳಿ, ಅಲ್ಲಿಗೆ ನಿಲ್ಲಿಸಿ. ಒಂದು ಕಾಲಂ ಖಾಲಿ ಇದ್ದರೆ ಆಕಾಶ ಬೀಳುವುದಿಲ್ಲ.

ನೀರಿನ ವಿಷಯದಲ್ಲಿ ಮಾತ್ರ ನಿಮ್ಮದು ನಿಜವಾದ ಕೊರತೆ ಇದೆ. ಬೋರ್‌ವೆಲ್‌ಗೆ ಮೀಟರ್ ಇಲ್ಲ. ಮಾಲಿನ್ಯ ನಿಯಂತ್ರಣ ಮಂಡಳಿ ಕೊಟ್ಟ ಕನ್ಸೆಂಟ್ (ಅನುಮತಿ) ಪತ್ರದಲ್ಲಿರುವ ಅಂಕಿಯನ್ನೇ ಎಲ್ಲಾ ಕಡೆ ಬರೆಯುತ್ತಾ ಬಂದಿದ್ದೀರಿ. ಇದು ನಿಮ್ಮೊಬ್ಬರ ಕಥೆ ಅಲ್ಲ. ಕೆಲವು ವರ್ಷದ ಹಿಂದೆ ತಾಂಡವಪುರದ ಕಡೆ ಒಂದು ಯೂನಿಟ್ಟಿಗೆ ಹೋಗಿದ್ದೆ. ದಿನಕ್ಕೆ 5,000 ಲೀಟರ್ ಅಂತ ಮೂರು ವರ್ಷದಿಂದ ಒಂದೇ ಅಂಕಿ ಇತ್ತು. ಜನ ಹೆಚ್ಚಾಗಿದ್ದರು, ಮಷೀನು ಹೆಚ್ಚಾಗಿತ್ತು, ನೀರು ಮಾತ್ರ ಅಷ್ಟೇ. ಮೀಟರ್ ಕೂರಿಸಿದರು. ಮೊದಲನೇ ತಿಂಗಳೇ ದಿನಕ್ಕೆ 11,000 ದಾಟಿತು. ಎಲ್ಲರೂ ಗಾಬರಿ. ಹುಡುಕಿದರೆ ನೆಲದೊಳಗಿನ ಒಂದು ಪೈಪು ಒಡೆದು ಎಷ್ಟು ಕಾಲದಿಂದಲೋ ಸೋರುತ್ತಿತ್ತು. ಪರೀಕ್ಷೆ ಮಾಡುವವರ ಕಣ್ಣಿಗೆ ಮೊದಲು ಬೀಳುವುದೇ ಇಂಥ ಅಲುಗಾಡದ ಅಂಕಿ. ಕಾವೇರಿ, ಕಬಿನಿ ಎರಡೂ ಹತ್ತಿರ ಹರಿಯುವ ಊರು ನಮ್ಮದು, ಅದಕ್ಕೇ ನೀರನ್ನು ಅಳೆಯಬೇಕು ಅಂತ ನಮಗೆ ಅನ್ನಿಸುವುದೇ ಇಲ್ಲ. ಕೆಆರ್‌ಎಸ್ ಮಟ್ಟ 124.80 ಅಡಿ ಮುಟ್ಟಿತಾ ಅಂತ ದಿನಾ ಪೇಪರಿನಲ್ಲಿ ನೋಡುವ ನಾವು ನಮ್ಮ ಬೋರಿನ ನೀರನ್ನು ಒಂದು ದಿನವೂ ಅಳೆದಿರುವುದಿಲ್ಲ. ಇದು ನನಗೆ ತುಂಬಾ ನೋವಿನ ವಿಷಯ.

ಹಾಗಾಗಿ ಈ ವಾರವೇ ಮೀಟರ್ ಹಾಕಿಸಿ. ಶೀಟಿನಲ್ಲಿ, ಈವರೆಗೆ ಮೀಟರ್ ಇರಲಿಲ್ಲ, ಇಂಥ ದಿನದಿಂದ ಅಳೆಯುತ್ತಿದ್ದೇವೆ, ಮೊದಲ ಎರಡು ವಾರದ ಅಂಕಿ ಇದು ಅಂತ ಬರೆಯಿರಿ. ಇದು ನಿಮ್ಮ ಮರ್ಯಾದೆ ಕಳೆಯುವ ಮಾತಲ್ಲ. ಓದುವವರಿಗೆ ಉಳಿದ ಅಂಕಿಗಳ ಮೇಲೂ ನಂಬಿಕೆ ಬರುತ್ತದೆ.

ವೇಸ್ಟಿನಲ್ಲಿ ನೀವು ಒಳ್ಳೆಯ ಸ್ಥಿತಿಯಲ್ಲಿದ್ದೀರಿ. ಪೇಪರ್ ಕಟಿಂಗೆಲ್ಲ ತೂಕ ಮಾಡಿ ಮಾರುತ್ತೀರಿ, ರಸೀದಿ ಇದೆ, ಅದು ಮತ್ತೆ ಮಿಲ್ಲಿಗೆ ಹೋಗುತ್ತದೆ. ಅಷ್ಟನ್ನೂ ಟನ್ನಿನಲ್ಲಿ ಬರೆಯಿರಿ. ಮರೆಯುವುದು ಎರಡು: ಜನರೇಟರಿನಿಂದ ತೆಗೆದ ಹಳೇ ಆಯಿಲ್ಲು, ಪ್ರಿಂಟಿಂಗ್ ಮಷೀನ್ ತೊಳೆದ ಇಂಕಿನ ನೀರು. ಹಳೇ ಆಯಿಲ್ಲು ಕಾನೂನಿನ ಪ್ರಕಾರ ಅಪಾಯಕಾರಿ ತ್ಯಾಜ್ಯ, ಅದನ್ನು ಅನುಮತಿ ಇರುವ ರೀಸೈಕ್ಲರಿಗೇ ಕೊಡಬೇಕು, ಬಾಗಿಲಿಗೆ ಬರುವ ಗುಜರಿಯವರಿಗೆ ಅಲ್ಲ. ಅದರ ವಾರ್ಷಿಕ ಲೆಕ್ಕ ಫಾರಂ 4ರಲ್ಲಿ ಜೂನ್ 30ರೊಳಗೆ ಮಾಲಿನ್ಯ ನಿಯಂತ್ರಣ ಮಂಡಳಿಗೆ ಹೋಗಬೇಕು. ಕನ್ಸೆಂಟ್ ಪಡೆದ ಘಟಕಗಳು ಕೊಡುವ ಪರಿಸರ ಹೇಳಿಕೆ ಅಂತ ಫಾರಂ 5 ಇದೆ, ಅದಕ್ಕೆ ಸೆಪ್ಟೆಂಬರ್ 30. ಈ ನಿಯಮ ತೊಂಬತ್ತರ ದಶಕದಿಂದ ಇದೆ. ನೀರು, ಕಚ್ಚಾಮಾಲು, ಮಾಲಿನ್ಯ, ತ್ಯಾಜ್ಯ ಎಲ್ಲಾ ಅದರಲ್ಲೇ ಕೇಳುತ್ತಾರೆ. ನಿಮ್ಮ ಕಂಪನಿ ಕಳಿಸಿದ ಶೀಟಿನ ಎಷ್ಟೋ ಪ್ರಶ್ನೆಗಳಿಗೆ ಉತ್ತರ ಅಲ್ಲೇ ಇರಬೇಕಿತ್ತು. ಅಪ್ಪನ ಕಾಲದ ಫೈಲು ತೆಗೆದು ನೋಡಿ. ಮತ್ತೆ, ಮಂಡಳಿಗೆ ಒಂದು ಅಂಕಿ, ಗಿರಾಕಿಗೆ ಒಂದು ಅಂಕಿ ಕೊಟ್ಟಿರಬಾರದು. ಯಾವತ್ತಾದರೂ ಎರಡೂ ಕಾಗದ ಒಂದೇ ಮೇಜಿನ ಮೇಲೆ ಬರುತ್ತವೆ.

ಕಾರ್ಮಿಕರ ಪ್ರಶ್ನೆಗಳಿಗೆ ಪಿಎಫ್, ಇಎಸ್ಐ ಚಲನ್, ಹಾಜರಿ ಪುಸ್ತಕ ಸಾಕು. ‘ಅಪಘಾತ ಎಷ್ಟು’ ಅನ್ನುವ ಕಾಲಂನಲ್ಲಿ ಯೋಚನೆ ಮಾಡದೆ ಸೊನ್ನೆ ಹಾಕಬೇಡಿ. ಕ್ರೀಸಿಂಗ್ ಮಷೀನಿನ ಹತ್ತಿರ, ಸ್ಟಿಚಿಂಗ್ ಹತ್ತಿರ ಕೆಲಸ ಮಾಡುವವರನ್ನು ಕರೆದು ಕೇಳಿ. ಬೆರಳಿಗೆ ಏಟಾಗಿ ಎರಡು ದಿನ ರಜ ಹಾಕಿದವರು ಯಾರಾದರೂ ಸಿಗುತ್ತಾರೆ. ಅದನ್ನು ಬರೆಯಿರಿ, ಆಮೇಲೆ ಏನು ಮಾಡಿದಿರಿ ಅದನ್ನೂ ಬರೆಯಿರಿ. ಬರೆಯುವುದಕ್ಕಿಂತ ಮೊದಲು ಆ ಮಷೀನಿಗೆ ಗಾರ್ಡ್ ಹಾಕಿಸಿ.

ಇನ್ನು ಸರ್ಟಿಫಿಕೇಟ್. ಐಎಸ್ಒ 14001 ಒಳ್ಳೆಯ ಮಾನದಂಡ. 1996ರಲ್ಲಿ ಬಂತು, 2015ರಲ್ಲಿ ಬಹಳ ತಿದ್ದುಪಡಿ ಆಯಿತು. ಆದರೆ ಅದು ನಿಮ್ಮ ಕಾರ್ಖಾನೆ ಶುದ್ಧವಾಗಿದೆ ಅಂತ ಹೇಳುವುದಿಲ್ಲ. ಪರಿಸರದ ವಿಷಯ ನೋಡಿಕೊಳ್ಳಲು ನಿಮ್ಮಲ್ಲಿ ಒಂದು ವ್ಯವಸ್ಥೆ ಇದೆ, ಅದು ನಡೆಯುತ್ತಿದೆ ಅಂತ ಹೇಳುತ್ತದೆ, ಅಷ್ಟೇ. ಐಎಸ್ಒ ಸಂಸ್ಥೆ ತಾನಾಗಿ ಯಾರಿಗೂ ಸರ್ಟಿಫಿಕೇಟ್ ಕೊಡುವುದಿಲ್ಲ, ಬೇರೆ ಬೇರೆ ಸಂಸ್ಥೆಗಳು ಕೊಡುತ್ತವೆ. ಹಾಗೆ ಕೊಡುವವರು ಸರಿಯಿದ್ದಾರಾ ಅಂತ ನೋಡಲು ಅವರ ಮೇಲೊಬ್ಬರು ಇರುತ್ತಾರೆ, ನಮ್ಮ ದೇಶದಲ್ಲಿ ಅದು ಕ್ವಾಲಿಟಿ ಕೌನ್ಸಿಲ್ ಆಫ್ ಇಂಡಿಯಾದ ಎನ್‌ಎಬಿಸಿಬಿ. ಸರಿಯಾದ ದಾರಿಯಲ್ಲಿ ಹೋದರೆ ಎರಡು ಹಂತದ ಆಡಿಟ್ ಆಗಬೇಕು, ಅದಕ್ಕೂ ಮೊದಲು ನೀವೇ ಒಂದು ಸಲ ಒಳಗಿನ ಆಡಿಟ್ ಮಾಡಿರಬೇಕು, ಮಾಲೀಕರು ಕೂತು ಪರಿಶೀಲನೆ ಮಾಡಿದ ದಾಖಲೆ ಇರಬೇಕು. ಸಿಕ್ಕ ಮೇಲೂ ಮೂರು ವರ್ಷ ಅವಧಿ, ನಡುವೆ ಪ್ರತಿ ವರ್ಷ ಬಂದು ನೋಡುತ್ತಾರೆ. ಇವತ್ತು ಏನೂ ದಾಖಲೆ ಇಲ್ಲದ ಯೂನಿಟ್ಟಿನಲ್ಲಿ ಇದೆಲ್ಲ 10 ದಿನದಲ್ಲಿ ಆಗುವ ಮಾತೇ ಅಲ್ಲ. ಆಗುತ್ತದೆ ಅಂದರೆ ಹಳೇ ದಿನಾಂಕ ಹಾಕಿ ದಾಖಲೆ ಸೃಷ್ಟಿ ಮಾಡುತ್ತಾರೆ ಅಂತಲೇ ಅರ್ಥ, ಆ ಕಾಗದಗಳ ಮೇಲೆ ಸಹಿ ನಿಮ್ಮ ಅಮ್ಮನದ್ದು.

ಒಂದು ಯೂನಿಟ್ಟಿನಲ್ಲಿ ಫ್ರೇಮ್ ಹಾಕಿಸಿ ದೇವರ ಫೋಟೋ ಪಕ್ಕ ಇಟ್ಟಿದ್ದ ಸರ್ಟಿಫಿಕೇಟ್ ನೋಡಿದ್ದೆ. ಚಿನ್ನದ ಬಣ್ಣದ ಮುದ್ರೆ, ವಿದೇಶದ ವಿಳಾಸ, ಎಲ್ಲಾ ಇತ್ತು. ಕೊಟ್ಟ ಸಂಸ್ಥೆಯ ಹೆಸರು ಯಾವ ಮಾನ್ಯತೆಯ ಪಟ್ಟಿಯಲ್ಲೂ ಇರಲಿಲ್ಲ. ಅವರ ಗಿರಾಕಿ ಆಡಿಟ್‌ಗೆ ಬಂದ ದಿನ ಅದು ಬಯಲಾಯಿತು. ಪಾಪ, ಮಾಲೀಕರಿಗೆ ತಾವು ಮೋಸ ಹೋಗಿದ್ದೇವೆ ಅಂತ ಅವತ್ತೇ ಗೊತ್ತಾಗಿದ್ದು, ಆದರೆ ಗಿರಾಕಿಯ ಕಣ್ಣಿಗೆ ಮೋಸ ಮಾಡಿದವರು ಅವರೇ ಆಗಿಬಿಟ್ಟರು. ಆದ್ದರಿಂದ ಯಾರೇ ಬಂದರೂ ಮೊದಲು ಕೇಳಿ: ಸರ್ಟಿಫಿಕೇಟ್ ಕೊಡುವ ಸಂಸ್ಥೆ ಯಾವುದು, ಅದಕ್ಕೆ ಮಾನ್ಯತೆ ಕೊಟ್ಟವರು ಯಾರು? ಆ ಹೆಸರನ್ನು ಎನ್‌ಎಬಿಸಿಬಿ ಪಟ್ಟಿಯಲ್ಲಿ, ಐಎಎಫ್ ಸರ್ಟ್‌ಸರ್ಚ್ ಅನ್ನುವ ಜಾಲತಾಣದಲ್ಲಿ ನೀವೇ ಹುಡುಕಿ. ಇನ್ನೊಂದು ಮಾತು, ನಿಮಗೆ ವ್ಯವಸ್ಥೆ ಕಟ್ಟಿಕೊಡುವವರೂ ಅದನ್ನು ಆಡಿಟ್ ಮಾಡಿ ಸರ್ಟಿಫಿಕೇಟ್ ಕೊಡುವವರೂ ಒಬ್ಬರೇ ಆಗಿರುವಂತಿಲ್ಲ.

‘ಕಾರ್ಬನ್ ನ್ಯೂಟ್ರಲ್’ ಅಂತೂ ಸದ್ಯಕ್ಕೆ ಬಿಟ್ಟೇಬಿಡಿ. ಅದಕ್ಕೆ ಐಎಸ್ಒ 14068-1 ಅಂತ 2023ರಲ್ಲಿ ಮಾನದಂಡ ಬಂದಿದೆ. ಮೊದಲು ಪೂರ್ತಿ ಲೆಕ್ಕ, ಆಮೇಲೆ ಕಡಿಮೆ ಮಾಡುವ ಯೋಜನೆ, ಕಡಿಮೆ ಮಾಡಲಾಗದೆ ಉಳಿದದ್ದಕ್ಕೆ ಮಾತ್ರ ಕಾರ್ಬನ್ ಕ್ರೆಡಿಟ್ (ಬೇರೆ ಕಡೆ ಕಡಿಮೆ ಮಾಡಿದ ಇಂಗಾಲದ ಪತ್ರ) ಕೊಂಡು ರದ್ದು ಮಾಡಿಸುವುದು, ಅದರ ದಾರಿ ಇದು. ನಿಮ್ಮ ಲೆಕ್ಕ ಇವತ್ತು ಶುರುವಾಗಿದೆ. ‘ಇಲ್ಲ’ ಅಂತ ಬರೆಯಿರಿ.

ನಿಮಗೆ ನಿಜಕ್ಕೂ ಉಪಯೋಗ ಆಗುವ ಎರಡು ಇವೆ. ಒಂದು, ಕೇಂದ್ರದ ಎಂಎಸ್‌ಎಂಇ ಸಚಿವಾಲಯ 2022ರ ಏಪ್ರಿಲ್‌ನಲ್ಲಿ ಶುರು ಮಾಡಿದ ಝಡ್ಇಡಿ ಸರ್ಟಿಫಿಕೇಟ್, ಮಾಲಿನಲ್ಲಿ ದೋಷ ಇರಬಾರದು, ಪರಿಸರಕ್ಕೆ ಹಾನಿ ಆಗಬಾರದು ಅನ್ನುವುದು ಅದರ ಉದ್ದೇಶ. ಕಂಚು, ಬೆಳ್ಳಿ, ಚಿನ್ನ ಅಂತ ಮೂರು ಹಂತ. ಶುಲ್ಕದಲ್ಲಿ ಅತಿಸಣ್ಣ ಘಟಕಕ್ಕೆ ಶೇ 80, ಸಣ್ಣದಕ್ಕೆ 60, ಮಧ್ಯಮಕ್ಕೆ 50 ರಿಯಾಯಿತಿ ಅಂತ ಯೋಜನೆ ಬಂತು, ಮಹಿಳೆಯರ ಒಡೆತನದ ಘಟಕಕ್ಕೆ ಅದಕ್ಕಿಂತ ಜಾಸ್ತಿ. ಯೂನಿಟ್ ಅಮ್ಮನ ಹೆಸರಲ್ಲಿದೆ ಅಂದಿದ್ದೀರಲ್ಲ, ಉದ್ಯಮ್ ನೋಂದಣಿಯಲ್ಲೂ ಹಾಗೇ ಇದೆಯಾ ನೋಡಿಕೊಂಡು, ಈಗಿನ ರಿಯಾಯಿತಿ ಎಷ್ಟಿದೆ ಅಂತ ಅವರ ಪೋರ್ಟಲ್‌ನಲ್ಲೇ ನೋಡಿ. ಕಂಚಿನಿಂದ ಶುರು ಮಾಡಿ, ಅದನ್ನು ನೀವೇ ಮಾಡಿಕೊಳ್ಳಬಹುದು.

ಎರಡನೆಯದು ಎಫ್ಎಸ್‌ಸಿ, ಕಾಗದ ಮತ್ತು ಮರ ಸರಿಯಾಗಿ ನೋಡಿಕೊಂಡ ಕಾಡಿನಂಥ ಒಪ್ಪಿತ ಮೂಲದಿಂದ ಬಂದದ್ದು ಅಂತ ಹೇಳುವ ಗುರುತು, 1993ರಿಂದ ಇದೆ. ರಫ್ತು ಮಾಡುವ ಗಿರಾಕಿಗಳು ಬಾಕ್ಸಿನ ಮೇಲೆ ಈ ಗುರುತು ಕೇಳುತ್ತಾರೆ. ಇಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ. ಎಫ್ಎಸ್‌ಸಿ ಇರುವ ಮಿಲ್ಲಿನಿಂದ ರೀಲ್ ತಂದೆ, ಹಾಗಾದರೆ ನನ್ನ ಬಾಕ್ಸ್ ಮೇಲೂ ಗುರುತು ಹಾಕಬಹುದು ಅಂದುಕೊಳ್ಳುತ್ತಾರೆ. ಹಾಕುವಂತಿಲ್ಲ. ಮಿಲ್ಲು, ನಡುವಿನ ವ್ಯಾಪಾರಿ, ನೀವು, ಹೀಗೆ ಮಾಲಿನ ಒಡೆತನ ಕೈ ಬದಲಾಗುವ ಪ್ರತಿ ಕಡೆಯೂ ಅವರವರದ್ದೇ ಸರ್ಟಿಫಿಕೇಟ್ ಇರಬೇಕು. ಒಂದು ಕೊಂಡಿ ತಪ್ಪಿದರೂ ಮುಂದಿನವರು ಹೇಳಿಕೊಳ್ಳುವಂತಿಲ್ಲ. ಇದಕ್ಕೆ ಖರ್ಚಿದೆ. ಗಿರಾಕಿ ಬಾಯಿಬಿಟ್ಟು ಕೇಳಿದರೆ, ಅದಕ್ಕೆ ತಕ್ಕ ರೇಟು ಕೊಡುತ್ತೇನೆ ಅಂದರೆ ಮಾತ್ರ ಕೈ ಹಾಕಿ.

ಬಾಕ್ಸ್ ಮೇಲೆ ‘ಪರಿಸರಸ್ನೇಹಿ’ ಅಂತ ಪ್ರಿಂಟ್ ಹಾಕುವುದಂತೂ ಬೇಡ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಜಾಹೀರಾತು ಅಂದರೆ ಲೇಬಲ್, ಹೊದಿಕೆ, ಇನ್‌ವಾಯ್ಸ್ ಕೂಡ ಸೇರುತ್ತದೆ. ಅದರ ಮೇಲೆ 2024ರ ಅಕ್ಟೋಬರ್‌ನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಸುಳ್ಳು ಪರಿಸರ ಹೇಳಿಕೆಗಳ ವಿರುದ್ಧ ಮಾರ್ಗಸೂಚಿ ತಂದಿದೆ. ಹಸಿರು, ಪರಿಸರಸ್ನೇಹಿ ಅಂತ ಬರೆದರೆ ಯಾವುದು ಹಸಿರು, ಹೇಗೆ, ಪುರಾವೆ ಏನು ಅಂತ ತೋರಿಸಬೇಕು. ದಾರಿ ತಪ್ಪಿಸುವ ಜಾಹೀರಾತಿಗೆ ಮೊದಲ ಸಲಕ್ಕೇ 10 ಲಕ್ಷ ರೂಪಾಯಿವರೆಗೆ ದಂಡ ಹಾಕುವ ಅಧಿಕಾರ ಅವರಿಗಿದೆ. ನಿಮ್ಮ ರೀಲು ಪೂರ್ತಿ ವೇಸ್ಟ್ ಪೇಪರಿನದ್ದು ಅಂತ ಮಿಲ್ಲಿನವರು ಬರೆದು ಕೊಟ್ಟರೆ ‘ಮರುಬಳಕೆಯ ಕಾಗದದಿಂದ ಮಾಡಿದ್ದು’ ಅಂತ ಹಾಕಿ. ಅದು ನಿಜ, ತೋರಿಸಬಹುದು.

ಆರ್ಡರ್ ಹೋಗುತ್ತದಾ ಅಂತ ಕೇಳಿದಿರಿ. ನಾಳೆ ಏನಾಗುತ್ತದೆ ಅಂತ ಭರವಸೆ ಕೊಡಲು ನನ್ನಿಂದ ಆಗುವುದಿಲ್ಲ. ಆದರೆ ಇಷ್ಟು ವರ್ಷದಲ್ಲಿ ಸರ್ಟಿಫಿಕೇಟ್ ಇಲ್ಲ ಅಂತ ನೇರವಾಗಿ ಬರೆದ ಸಣ್ಣ ಸಪ್ಲೈಯರನ್ನು ಅದೊಂದೇ ಕಾರಣಕ್ಕೆ ಬಿಟ್ಟದ್ದನ್ನು ನಾನು ನೋಡಿಲ್ಲ. ಉತ್ತರವನ್ನೇ ಕೊಡದವರನ್ನು, ಸುಳ್ಳು ಕೊಟ್ಟು ಸಿಕ್ಕಿಬಿದ್ದವರನ್ನು ಬಿಟ್ಟದ್ದು ನೋಡಿದ್ದೇನೆ. ಅವರ ಅಂಕಿಗಳನ್ನೂ ಹೊರಗಿನವರು ಪರೀಕ್ಷೆ ಮಾಡುತ್ತಾರಲ್ಲ, ಹಾಗಾಗಿ ಬಿಲ್ಲಿನ ಜೊತೆ ಬಂದ 12 ಅಂಕಿ ಅವರಿಗೆ ಬಿಲ್ಲಿಲ್ಲದ 140ಕ್ಕಿಂತ ಬೆಲೆಬಾಳುತ್ತದೆ.

ಶೀಟಿನ ಜೊತೆ ಒಂದು ಪುಟದ ಪತ್ರ ಇಡಿ. ನಮ್ಮದು 22 ಜನರ ಘಟಕ, ಈ ವರ್ಷದ ಕರೆಂಟು, ಡೀಸೆಲ್, ಗ್ಯಾಸು, ಬ್ರಿಕೆಟ್, ಪೇಪರ್ ವೇಸ್ಟಿನ ಲೆಕ್ಕ ಬಿಲ್ಲಿನ ಸಮೇತ ಇದೆ, ನೀರಿಗೆ ಮೀಟರ್ ಹಾಕಿದ್ದೇವೆ, ಪೇಪರಿನ ಲೆಕ್ಕ ಮಿಲ್ಲಿನಿಂದ ಕೇಳಿದ್ದೇವೆ, ಐಎಸ್ಒ 14001 ಸದ್ಯಕ್ಕಿಲ್ಲ, ಝಡ್ಇಡಿ ಕಂಚಿಗೆ ಅರ್ಜಿ ಹಾಕುತ್ತಿದ್ದೇವೆ, ಮುಂದಿನ ವರ್ಷ ಟನ್ ಬಾಕ್ಸಿಗೆ ಕರೆಂಟು ಇಷ್ಟು ಕಡಿಮೆ ಮಾಡುತ್ತೇವೆ ಅಂತ. ಆ ‘ಇಷ್ಟು’ ಶೇ 5 ಆದರೂ ಪರವಾಗಿಲ್ಲ, ಮಾಡಿ ತೋರಿಸುವಂತಿರಲಿ. ಪತ್ರಕ್ಕೆ ಅಮ್ಮನ ಸಹಿ ಹಾಕಿಸುವ ಮೊದಲು ಪ್ರತಿ ಅಂಕಿಯನ್ನೂ ಅವರಿಗೆ ಓದಿ ಹೇಳಿ. ಆಮೇಲೆ ಒಂದು ದೊಡ್ಡ ನೋಟ್‌ಬುಕ್ ತಂದು ಪ್ರತಿ ತಿಂಗಳ 1ನೇ ತಾರೀಖು ಕರೆಂಟ್ ಮೀಟರ್, ನೀರಿನ ಮೀಟರ್, ಜನರೇಟರಿನ ಗಂಟೆ, ಟೆಂಪೋ ಕಿಲೋಮೀಟರ್ ಈ ನಾಲ್ಕನ್ನು ಬರೆಯಲು ಒಬ್ಬರಿಗೆ ಒಪ್ಪಿಸಿ. ಹತ್ತು ನಿಮಿಷದ ಕೆಲಸ. ಮೊದಲ ಮೂರು ತಿಂಗಳ ಪುಟದ ಫೋಟೋ ನನಗೂ ಕಳಿಸಿ, ನೋಡಿ ಹೇಳುತ್ತೇನೆ.